ಒಂದು ಕಡ್ಡಿ ಮುರಿದುಕೊಡಿ

ದೊಡ್ಡಪತ್ರೆ ಗಿಡವನ್ನು ದುಡ್ಡು ಕೊಟ್ಟು ತಂದವರನ್ನು ನೀವು ಎಲ್ಲಾದರೂ ನೋಡಿದ್ದೀರಾ? ಈಗೀಗ ನರ್ಸರಿಯವರು ಕಪ್ಪು ಕವರಿನಲ್ಲಿಟ್ಟು ಮಾರುತ್ತಾರೆ, ಅದು ಬೇರೆ ಮಾತು. ನಮ್ಮ ಬೀದಿಯಲ್ಲಿ ಮಾತ್ರ ಯಾರ ಮನೆ ಗಿಡದ ಜಾತಕ ಕೇಳಿದರೂ ಇನ್ನೊಬ್ಬರ ಮನೆಯ ಹೆಸರೇ ಬರುತ್ತೆ. ‘ಇದಾ? ಮೂಲೆಮನೆಯವರು ಕೊಟ್ಟಿದ್ದು’ ಅಂತಾರೆ. ಮೂಲೆಮನೆಯವರನ್ನು ಕೇಳಿದರೆ ‘ನಮ್ಮ ನಾದಿನಿ ಸಾಗರದಿಂದ ತಂದಿದ್ದು’ ಅಂತಾರೆ. ಆ ನಾದಿನಿಗೆ ಅವರ ಓರಗಿತ್ತಿ ಕೊಟ್ಟಿದ್ದು, ಓರಗಿತ್ತಿಗೆ ಅವರ ತವರಿನ ಬಾವಿಕಟ್ಟೆಯಿಂದ ಬಂದಿದ್ದು... ಹೀಗೆ ಹಿಂದೆ ಹಿಂದೆ ಹೋಗುತ್ತಲೇ ಇರಬಹುದು. ಹಾಗೆ ಹೋದರೆ ಎಲ್ಲಿಗೆ ಹೋಗಿ ಮುಟ್ಟುತ್ತೆ ಅನ್ನೋದು ನನಗೆ ಬಹಳ ಇಷ್ಟವಾದ ಕಥೆ. ಬನ್ನಿ, ಬೇಲಿ ಹತ್ತಿರ ಸ್ವಲ್ಪ ನೆರಳಿದೆ, ಹೇಳ್ತೀನಿ.

ಮನಿಪ್ಲಾಂಟನ್ನು ಕದ್ದು ತಂದು ನೆಟ್ಟರೇ ಚೆನ್ನಾಗಿ ಹಬ್ಬೋದು ಅಂತ ಜನ ನಂಬುತ್ತಾರಲ್ಲ, ದೊಡ್ಡಪತ್ರೆಗೆ ಆ ತಾಪತ್ರಯ ಇಲ್ಲ. ಕೇಳಿದರೂ ಕೊಡುತ್ತಾರೆ, ಕೇಳದಿದ್ದರೂ ಕೊಡುತ್ತಾರೆ. ಕತ್ತರಿಯೂ ಬೇಡ. ಎಳೆ ಕಡ್ಡಿಯನ್ನು ಎರಡು ಬೆರಳಲ್ಲಿ ಹಿಡಿದು ಬಾಗಿಸಿದರೆ ಪಟಕ್ ಅಂತ ಮುರಿಯುತ್ತೆ, ಮುರಿದ ಜಾಗದಲ್ಲಿ ನೀರು ಜಿನುಗುತ್ತೆ. ಕೆಳಗಿನ ಒಂದು ಜೋಡಿ ಎಲೆ ಚಿವುಟಿ, ಆ ಗೆಣ್ಣು ಮಣ್ಣೊಳಗೆ ಹೋಗುವಂತೆ ಚುಚ್ಚಿಟ್ಟರೆ ಕೆಲಸ ಮುಗೀತು. ಗೆಣ್ಣಿನಿಂದಲೇ ಬೇರು ಬರುತ್ತೆ. ದಪ್ಪ ಎಲೆಯಲ್ಲೇ ನೀರು ಕೂಡಿಟ್ಟುಕೊಂಡಿರೋ ಗಿಡ ಆದ್ದರಿಂದ ಎರಡು ದಿನ ಚೀಲದಲ್ಲಿ ಬಿದ್ದಿದ್ದರೂ ಸುಮ್ಮನಿರುತ್ತೆ, ಪಾಪ, ಗೊಣಗೋದಿಲ್ಲ.

ನನ್ನ ಸೋದರತ್ತೆ ಊರಿಂದ ಬರುವಾಗ ಈ ಕಡ್ಡಿಗಳನ್ನು ಬಾಳೆಪಟ್ಟೆಯಲ್ಲಿ ಸುತ್ತಿ, ಬಾಳೆನಾರಿನಿಂದ ಬಿಗಿದು ಕೈಚೀಲದ ಮೇಲ್ಗಡೆ ಇಟ್ಟುಕೊಂಡು ಬರುತ್ತಿದ್ದರು. ಬಸ್ಸಿನ ನೂಕುನುಗ್ಗಲಿಗೆ ಒಂದೆರಡು ಎಲೆ ಜಜ್ಜಿಹೋಗಿ ಘಮ ಎದ್ದಿರುತ್ತಿತ್ತು. ಪಕ್ಕದ ಸೀಟಿನವರು ಮೂಗರಳಿಸಿ ‘ದೊಡ್ಡಪತ್ರೆ ಅಲ್ವಾ?’ ಅಂತ ಕೇಳೋದು, ಅತ್ತೆ ಆಗಲೇ ಕಟ್ಟು ಬಿಚ್ಚಿ ಅವರಿಗೊಂದು ಕಡ್ಡಿ ಕೊಡೋದು. ಕೊಟ್ಟ ಮೇಲೆ ಅದನ್ನು ಎಲ್ಲಿ ನೆಡಬೇಕು, ಮಕ್ಕಳಿಗೆ ಕೆಮ್ಮಾದರೆ ಹೇಗೆ ಬಾಡಿಸಬೇಕು ಅಂತ ಪಾಠ ಬೇರೆ. ಹೊರಟಾಗ ದಪ್ಪಗಿದ್ದ ಕಟ್ಟು ನಮ್ಮ ಮನೆ ಮುಟ್ಟುವಷ್ಟರಲ್ಲಿ ಸಣ್ಣಗಾಗಿರುತ್ತಿತ್ತು. ಆ ದಾರಿಯ ಊರುಗಳಲ್ಲಿ ಅತ್ತೆ ಹೆಸರು ಗೊತ್ತಿಲ್ಲದವರ ಮನೆಗಳಲ್ಲಿ ಅತ್ತೆಯ ಗಿಡ ಇರಲೇಬೇಕು.

ಇಷ್ಟೆಲ್ಲ ಕಡ್ಡಿ ಯಾಕೆ ಓಡಾಡುತ್ತೆ ಗೊತ್ತಾ? ಈ ಗಿಡ ಹೂ ಬಿಡೋದೇ ಅಪರೂಪ, ಬೀಜ ಕಟ್ಟೋದಂತೂ ಇನ್ನೂ ಅಪರೂಪ. ವರ್ಷಾನುಗಟ್ಟಲೆ ಗಿಡ ಸಾಕಿದವರೂ ಹೂ ನೋಡಿರೋದಿಲ್ಲ. ಅದಕ್ಕೆ ಅರ್ಧ ಕಾರಣ ನಾವೇ, ತುದಿ ಕಂಡ ಕೂಡಲೇ ಬಜ್ಜಿಗೆ ಅಂತ ಚಿವುಟುತ್ತೀವಲ್ಲ! ಒಂದು ಕೊಂಬೆಯನ್ನು ಮುಟ್ಟದೆ ಬಿಟ್ಟರೆ, ಅದಕ್ಕೆ ಮನಸ್ಸು ಬಂದರೆ, ತುದಿಯಿಂದ ಒಂದು ನೀಳ ತೆನೆ ಏಳುತ್ತೆ. ಹೂಗಳು ತೆನೆಯ ಉದ್ದಕ್ಕೂ ಒತ್ತೊತ್ತಾಗಿ ಇರೋದಿಲ್ಲ, ಒಂದು ಸುತ್ತು ಹೂ, ಆಮೇಲೆ ಸ್ವಲ್ಪ ಬರೀ ದಂಟು, ಮತ್ತೊಂದು ಸುತ್ತು ಹೂ, ಹಾಗೆ. ಬಣ್ಣ ತೆಳು ನೇರಳೆ, ಬಿಳಿಗೇ ಹತ್ತಿರ. ಹೂವಿಗೆ ಎರಡು ತುಟಿ, ಮೇಲಿನದು ಚಿಕ್ಕದು, ಕೆಳಗಿನದು ದೋಣಿಯಾಕಾರದಲ್ಲಿ ಮುಂದೆ ಚಾಚಿರುತ್ತೆ. ತುಳಸಿ ಹೂವನ್ನು ಹತ್ತಿರದಿಂದ ನೋಡಿದ್ದರೆ ‘ಓ, ಇವರಿಬ್ಬರೂ ನೆಂಟರು’ ಅಂತ ನಿಮಗೇ ಅನ್ನಿಸುತ್ತೆ.

ನೆಂಟರು ಅಂದೆನಲ್ಲ, ಈ ಮನೆತನದ ಬಳಗ ಬಹಳ ದೊಡ್ಡದು. ಪುದೀನ, ತುಳಸಿ, ಕಾಮಕಸ್ತೂರಿ, ಶಿವನಿಗೆ ಏರಿಸೋ ತುಂಬೆ, ಎಲ್ಲ ಒಂದೇ ಮನೆಯವರು. ಗುರುತು ಹಿಡಿಯೋದು ಸುಲಭ: ಎಳೆ ಕಡ್ಡಿಯನ್ನು ಹೆಬ್ಬೆರಳು, ತೋರುಬೆರಳ ನಡುವೆ ಇಟ್ಟು ಮೆಲ್ಲಗೆ ಹೊರಳಿಸಿ ನೋಡಿ. ಗುಂಡಗೆ ಉರುಳೋದಿಲ್ಲ, ನಾಲ್ಕು ಮೂಲೆ ಬೆರಳಿಗೆ ತಾಗುತ್ತೆ. ಪುದೀನದಲ್ಲಿ ಸ್ಪಷ್ಟವಾಗಿ ಗೊತ್ತಾಗುತ್ತೆ, ದೊಡ್ಡಪತ್ರೆಯಲ್ಲಿ ರೋಮ ಜಾಸ್ತಿ ಇರೋದರಿಂದ ಸ್ವಲ್ಪ ಮೊಂಡು. ಇನ್ನೊಬ್ಬ ನೆಂಟನ ಹೆಸರು ಹೇಳಿದರೆ ನೀವು ನಂಬೋದಿಲ್ಲ. ತೇಗದ ಮರ! ದಾಂಡೇಲಿ ಕಾಡಿನಲ್ಲಿ ಆಕಾಶ ನೋಡಿಕೊಂಡು ನಿಂತಿರುತ್ತಲ್ಲ, ಅದೇ. ಹಿಂದೆ ಅದನ್ನು ಲಂಟಾನದ ಕುಟುಂಬದಲ್ಲಿ ಕೂರಿಸಿದ್ದರು. 1990ರ ದಶಕದಲ್ಲಿ ಸಂಬಂಧಗಳನ್ನೆಲ್ಲ ಮತ್ತೆ ಅಳೆದು ನೋಡಿ ಪುದೀನದ ಮನೆಗೆ ಕರೆತಂದರು. ತೇಗದ ಎಳೆ ಸಸಿ ಸಿಕ್ಕರೆ ಕಾಂಡ ಮುಟ್ಟಿ ನೋಡಿ, ಅಲ್ಲೂ ಅದೇ ನಾಲ್ಕು ಮೂಲೆ. ಮನೆ ಬಾಗಿಲಿನ ಚೌಕಟ್ಟೂ ಅದರ ಮುಂದಿಟ್ಟ ದೊಡ್ಡಪತ್ರೆ ಕುಂಡವೂ ದಾಯಾದಿಗಳು ಅಂದರೆ ಎಷ್ಟು ಚಂದ, ಅಲ್ವಾ?

ಒಡಹುಟ್ಟಿದವರ ಮಾತು ಬಂದರೆ ಬೆಳಗಾವಿ ಕಡೆ ಉಪ್ಪಿನಕಾಯಿ ಹಾಕೋ ಮಾಕಂದಿ ಬೇರನ್ನೂ ಹೇಳಬೇಕು. ಅದು ದೊಡ್ಡಪತ್ರೆಯ ಖಾಸಾ ತಂಗಿ. ಆ ಬೇರಿನಲ್ಲೇ ಫೋರ್ಸ್ಕೋಲಿನ್ ಅನ್ನೋ ವಸ್ತು ಸಿಕ್ಕಿದ್ದು, ಜೀವಕೋಶದ ಒಳಗಿನ ಕೆಲಸ ತಿಳಿಯೋಕೆ ಪ್ರಪಂಚದ ಪ್ರಯೋಗಾಲಯಗಳೆಲ್ಲ ಅದನ್ನು ಬಳಸೋದು. ದಕ್ಷಿಣ ಕನ್ನಡದವರು ಪಲ್ಯ ಮಾಡೋ ಸಾಂಬ್ರಾಣಿ ಗೆಡ್ಡೆ ಇನ್ನೊಬ್ಬಳು ತಂಗಿ. ಒಬ್ಬಳಿಗೆ ಬೇರು, ಒಬ್ಬಳಿಗೆ ಗೆಡ್ಡೆ, ನಮ್ಮವಳಿಗೆ ಎಲೆ. ಪಾಲುಪಟ್ಟಿ ಚೊಕ್ಕವಾಗಿದೆ.

ಆ ಎಲೆಯನ್ನು ಒಂದು ನಿಮಿಷ ಕೈಯಲ್ಲಿ ಹಿಡಿಯಿರಿ. ಕರುವಿನ ಕಿವಿ ಮುಟ್ಟಿದ ಹಾಗಿರುತ್ತೆ, ದಪ್ಪ, ತಂಪು, ಮೇಲೆಲ್ಲ ಮೃದು ರೋಮ. ಅಂಚಿಗೆ ಗುಂಡಗುಂಡನೆಯ ಹಲ್ಲು. ಬಿಸಿಲಿಗೆ ಹಿಡಿದರೆ ರೋಮಗಳ ನಡುವೆ ಸೂಜಿಮೊನೆಯಷ್ಟು ಪುಟ್ಟ ಗ್ರಂಥಿಗಳು ಮಿನುಗುತ್ತವೆ, ಘಮದ ಎಣ್ಣೆ ಇರೋದು ಅದರೊಳಗೆ. ಸುಮ್ಮನೆ ಮೂಗಿಟ್ಟರೆ ಹೆಚ್ಚೇನೂ ಬರೋದಿಲ್ಲ. ಬೆರಳಲ್ಲಿ ಒಂಚೂರು ಉಜ್ಜಿದಿರೋ, ಆ ಪುಟ್ಟ ಚೀಲಗಳು ಒಡೆದು ಅಡುಗೆಮನೆ ತುಂಬ ಹರಡುತ್ತೆ. ಕಿಟಕಿಯಲ್ಲಿ ಒಂದು ಕುಂಡ ಇಟ್ಟರೆ ಸೊಳ್ಳೆ ಬರೋದಿಲ್ಲ ಅಂತಾರಲ್ಲ, ನನಗೆ ಒಪ್ಪಿಗೆಯಿಲ್ಲ. ಎಣ್ಣೆ ತೆಗೆದು ಸೊಳ್ಳೆಮರಿಗಳ ಮೇಲೆ ಪರೀಕ್ಷೆ ಮಾಡಿದ್ದಾರೆ, ಅದು ನಿಜ. ಆದರೆ ಎಲೆಯೊಳಗೆ ಮುಚ್ಚಿಟ್ಟುಕೊಂಡಿರೋ ಎಣ್ಣೆ ಸೊಳ್ಳೆಯನ್ನು ಹೇಗೆ ಓಡಿಸುತ್ತೆ? ಪರದೆ ಕಟ್ಟಿಕೊಳ್ಳೋದೇ ವಾಸಿ.

ಈ ಘಮದಿಂದಲೇ ಒಂದು ದೊಡ್ಡ ಗೊಂದಲ ಹುಟ್ಟಿದೆ. ಎಷ್ಟೋ ಜನ ಇದನ್ನೇ ಓಮದ ಗಿಡ ಅಂತ ತಿಳಿದಿದ್ದಾರೆ. ನರ್ಸರಿಯವರೂ ‘ಅಜ್ವೈನ್ ಪ್ಲಾಂಟ್’ ಅಂತ ಚೀಟಿ ಅಂಟಿಸಿಡುತ್ತಾರೆ. ಚಕ್ಕುಲಿಗೆ ಹಾಕೋ ಓಮ ಬಿಡೋ ಗಿಡ ಬೇರೆಯೇ ಕಣ್ರೀ, ಅದು ಕೊತ್ತಂಬರಿ, ಜೀರಿಗೆಯ ಕುಟುಂಬದ್ದು. ಎಲೆ ಸಬ್ಬಸಿಗೆಯಷ್ಟು ಸಣ್ಣಸಣ್ಣ, ಹೂ ಬಿಳಿ ಛತ್ರಿ. ದೊಡ್ಡಪತ್ರೆಗೂ ಅದಕ್ಕೂ ರಕ್ತಸಂಬಂಧವೇ ಇಲ್ಲ. ಮತ್ತೆ ವಾಸನೆ ಒಂದೇ ಯಾಕೆ ಅಂದರೆ, ಓಮದಲ್ಲಿರೋ ಥೈಮಾಲ್ ಇದರಲ್ಲೂ ಇದೆ, ಜೊತೆಗೆ ಕಾರ್ವಕ್ರಾಲ್ ಅನ್ನೋ ಅದರ ಜೋಡಿಯೂ ಇದೆ. ಎಲ್ಲ ದೊಡ್ಡಪತ್ರೆಯಲ್ಲೂ ಎರಡೂ ಸಮ ಇರೋದಿಲ್ಲ, ಒಂದು ಕಡೆಯ ಗಿಡದಲ್ಲಿ ಅದು ಹೆಚ್ಚು, ಇನ್ನೊಂದು ಕಡೆಯದರಲ್ಲಿ ಇದು ಹೆಚ್ಚು. ‘ನಮ್ಮೂರ ದೊಡ್ಡಪತ್ರೆಯ ಘಾಟು ಇದಕ್ಕಿಲ್ಲ’ ಅಂತ ಹಿರಿಯರು ಮೂಗು ಮುರಿಯುತ್ತಾರಲ್ಲ, ಅವರ ಮೂಗನ್ನು ನಂಬಬಹುದು. ಪೀಟ್ಸಾ ಮೇಲೆ ಉದುರಿಸೋ ಒರೇಗಾನೊದಲ್ಲೂ ಇವೇ ಇರೋದು. ಮೊಮ್ಮಗ ಪೀಟ್ಸಾ ತರಿಸಿದಾಗ ‘ಇದಕ್ಯಾಕೆ ದೊಡ್ಡಪತ್ರೆ ಹಾಕಿದ್ದಾರೆ?’ ಅಂತ ಕೇಳಿದ ಅಜ್ಜಿ ಯಾರಾದರೂ ಇದ್ದರೆ, ಆಕೆ ಸರಿಯಾಗೇ ಕೇಳಿದ್ದಾರೆ.

ಈಗ ಜಾತಕಕ್ಕೆ ಬರೋಣ. ದೊಡ್ಡಪತ್ರೆ ಬಾವಿಕಟ್ಟೆ ಪಕ್ಕವೇ ಹುಟ್ಟಿದ್ದು ಅಂತ ನಾವೆಲ್ಲ ಅಂದುಕೊಂಡಿರೋದು. ನಿಜಕ್ಕೂ ಹುಟ್ಟೂರು ಅದಲ್ಲ, ಆಫ್ರಿಕಾದ ಪೂರ್ವ, ದಕ್ಷಿಣ ಭಾಗಗಳಲ್ಲಿ ಇದು ಕಲ್ಲುಬಂಡೆಗಳ ಸಂದಿಯಲ್ಲಿ, ಕುರುಚಲು ಕಾಡಿನ ನೆರಳಲ್ಲಿ ಯಾರೂ ನೆಡದೆ ತಾನಾಗಿ ಬೆಳೆಯುತ್ತೆ. ಆದರೆ ಹೆಸರು ಸಿಕ್ಕಿದ್ದು ಇನ್ನೆಲ್ಲೋ. ಜೊವಾವ್ ದ ಲೊರೆಯ್ರೊ ಅಂತ ಒಬ್ಬ ಪೋರ್ಚುಗೀಸ್ ಪಾದ್ರಿ, ಈಗಿನ ವಿಯೆಟ್ನಾಂನಲ್ಲಿ ಬಹಳ ಕಾಲ ಇದ್ದು ಅಲ್ಲಿನ ಗಿಡಮರಗಳನ್ನೆಲ್ಲ ಬರೆದಿಟ್ಟ. 1790ರಲ್ಲಿ ಲಿಸ್ಬನ್‌ನಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಇದಕ್ಕೆ ಕೋಲಿಯಸ್ ಅಂಬೊಯಿನಿಕಸ್ ಅಂತ ನಾಮಕರಣ ಆಯಿತು. ಅಂಬೊಯ್ನಾ ಅಂದರೆ ಇಂಡೋನೇಷ್ಯಾದ ಪುಟ್ಟ ದ್ವೀಪ, ಲವಂಗಕ್ಕೆ ಹೆಸರಾದದ್ದು. ನೋಡಿ ಹೇಗಿದೆ: ಹುಟ್ಟೂರು ಆಫ್ರಿಕಾ, ಬರೆದವನು ಪೋರ್ಚುಗೀಸ್, ಬರೆದದ್ದು ವಿಯೆಟ್ನಾಂ ಗಿಡಗಳ ಬಗ್ಗೆ, ಹೆಸರು ಇಂಡೋನೇಷ್ಯಾದ್ದು! 1825ರಲ್ಲಿ ಇನ್ನೊಬ್ಬರು ಬಂದು ಮನೆ ಹೆಸರು ಬದಲಿಸಿ ಪ್ಲೆಕ್ಟ್ರಾಂಥಸ್ ಮಾಡಿದರು, 2019ರಲ್ಲಿ ಮತ್ತೆ ಕೋಲಿಯಸ್ ಆಯಿತು. ಗಿಡಕ್ಕೆ ಇದ್ಯಾವುದೂ ಗೊತ್ತಿಲ್ಲ, ಅದರ ಪಾಡಿಗೆ ಅದು ಚಿಗುರುತ್ತಿದೆ.

ಇಲ್ಲೇ ನನಗೆ ಅತ್ತೆಯ ಬಾಳೆಪಟ್ಟೆ ನೆನಪಾಗೋದು. ಬೀಜ ಕಟ್ಟೋದೇ ಅಪರೂಪ ಆದ ಗಿಡ ಆಫ್ರಿಕಾದಿಂದ ಅಂಬೊಯ್ನಾ ತನಕ ಹೇಗೆ ಹೋಯಿತು? ಹಕ್ಕಿ ಹೊತ್ತು ತಂದು ಬೀಳಿಸೋ ಹಣ್ಣೂ ಇದರಲ್ಲಿಲ್ಲ. ನನ್ನ ಲೆಕ್ಕದಲ್ಲಿ ಒಂದೇ ದಾರಿ: ಯಾರೋ ಹಡಗು ಹತ್ತುವಾಗ ಒಂದು ಕಡ್ಡಿ ಮುರಿದುಕೊಂಡಿದ್ದಾರೆ. ಇಳಿದ ಊರಿನಲ್ಲಿ ಚುಚ್ಚಿದ್ದಾರೆ, ಅಲ್ಲಿನ ನೆರೆಮನೆಯವರು ಕೇಳಿದ್ದಾರೆ. ರಾಜರು ತರಿಸಿದ್ದು, ಕಂಪನಿಯವರು ತೋಟ ಹಾಕಿಸಿದ್ದು ಅಂತ ಕಾಳುಮೆಣಸಿಗೆ, ಲವಂಗಕ್ಕೆ ಕಥೆಗಳಿವೆ. ಇದಕ್ಕೆ ಯಾವ ಯುದ್ಧವೂ ಆಗಲಿಲ್ಲ, ಯಾವ ತೆರಿಗೆಯೂ ಬೀಳಲಿಲ್ಲ. ಹಿತ್ತಿಲಿಂದ ಹಿತ್ತಿಲಿಗೆ ಕೈಯಲ್ಲೇ ಭೂಮಿ ಸುತ್ತಿದ ಗಿಡ ಇದು. ಅದಕ್ಕೇ ನನಗೆ ಇದರ ಮೇಲೆ ಇಷ್ಟು ಪ್ರೀತಿ.

ಹೋದ ಕಡೆಯೆಲ್ಲ ಒಂದೇ ಕೆಲಸ ಗಿಟ್ಟಿಸಿಕೊಂಡಿರೋದು ಇನ್ನೊಂದು ಸೋಜಿಗ. ವಿಯೆಟ್ನಾಂನಲ್ಲಿ ಮಕ್ಕಳಿಗೆ ಕೆಮ್ಮು ಬಂದರೆ ಈ ಎಲೆಯನ್ನು ಕಲ್ಲುಸಕ್ಕರೆ ಜೊತೆ ಹಬೆಯಲ್ಲಿ ಬೇಯಿಸಿ ರಸ ಕುಡಿಸುತ್ತಾರೆ. ಫಿಲಿಪ್ಪೀನ್ಸಿನವರು ಇದನ್ನು ಒರೇಗಾನೊ ಅಂತಲೇ ಕರೆದು ಕೆಮ್ಮಿಗೆ ರಸ ಹಿಂಡುತ್ತಾರೆ. ಕೇರಳದಲ್ಲಿ ಪನಿಕೂರ್ಕ, ತಮಿಳರಲ್ಲಿ ಕರ್ಪೂರವಳ್ಳಿ, ಅಲ್ಲೂ ನೆಗಡಿ ಕೆಮ್ಮಿಗೇ. ನಮ್ಮ ಅತ್ತೆಗೆ ವಿಯೆಟ್ನಾಂ ಎಲ್ಲಿದೆ ಅಂತಲೇ ಗೊತ್ತಿರಲಿಲ್ಲ, ಆದರೂ ಬಾಣಲೆಯ ಮೇಲೆ ಎಲೆ ಬಾಡಿಸಿ ಹಿಂಡುವುದು ಗೊತ್ತಿತ್ತು. ಸುಮಾತ್ರಾದ ಬತಕ್ ಜನ ಮಾತ್ರ ಬೇರೆ ದಾರಿ ಹಿಡಿದಿದ್ದಾರೆ. ಹೆರಿಗೆಯಾದ ಮೇಲೆ ಬಾಣಂತಿಗೆ ಹಾಲು ಹೆಚ್ಚಲಿ ಅಂತ ಇದನ್ನು ಕೋಳಿ, ತೆಂಗಿನಹಾಲು ಹಾಕಿ ಸಾರು ಮಾಡಿ ದಿನವೂ ಉಣ್ಣಿಸುತ್ತಾರೆ, ಟೊರ್ಬಾಂಗುನ್ ಅಂತ ಅದರ ಹೆಸರು. ನಾವು ಬಾಣಂತಿಗೆ ಸಬ್ಬಸಿಗೆ, ಬೆಳ್ಳುಳ್ಳಿ ಕೊಡೋ ಜಾಗದಲ್ಲಿ ಅವರು ದೊಡ್ಡಪತ್ರೆ ಇಟ್ಟಿದ್ದಾರೆ. ಅಲ್ಲಿನ ಸಂಶೋಧಕರು ಅಳೆದು ನೋಡಿ ಹಾಲು ಹೆಚ್ಚಿದ್ದನ್ನು ಬರೆದೂ ಇದ್ದಾರೆ. ಕೆರಿಬಿಯನ್ ದ್ವೀಪಗಳಲ್ಲಿ ಮೀನಿಗೆ, ಮಾಂಸಕ್ಕೆ ಹಚ್ಚೋ ಮಸಾಲೆಗೆ ಇದನ್ನು ಅರೆಯುತ್ತಾರೆ.

ಇಷ್ಟು ಕಡೆ ಸುತ್ತಿದರೂ ತಂಬುಳಿ ಅನ್ನೋದು ನಮ್ಮ ಮಲೆನಾಡಿನವರಿಗೇ ಹೊಳೆದದ್ದು. ಅಲ್ಲಿ ಸಾಂಬಾರಬಳ್ಳಿ, ಸಾಂಬಾರ ಸೊಪ್ಪು ಅಂತಲೂ ಹೇಳುತ್ತಾರೆ. ಹತ್ತು ಹನ್ನೆರಡು ಎಲೆ ಸಾಕು. ತುಪ್ಪದಲ್ಲಿ ಒಂದು ಚಮಚ ಜೀರಿಗೆ, ನಾಲ್ಕು ಕಾಳುಮೆಣಸು ಹಾಕಿ ಚಿಟಪಟ ಅಂದಮೇಲೆ ಎಲೆ ಹಾಕಬೇಕು. ಹಾಕಿದ ಕೂಡಲೇ ಎಲೆ ಸೊಂಯ್ ಅಂತ ನೀರು ಬಿಟ್ಟು ಮುದುಡುತ್ತೆ, ಹೊಳೆಯೋ ಹಸಿರು ಮಂಕಾಗಿ ಹುಣಸೆ ಎಲೆಯ ಬಣ್ಣಕ್ಕೆ ತಿರುಗುತ್ತೆ. ಆ ಹೊತ್ತಿಗೆ ಇಳಿಸಿಬಿಡಬೇಕು, ಕೆಂಪಗಾಗೋ ತನಕ ಹುರಿದರೆ ಘಮವೆಲ್ಲ ಚಿಮಣಿ ಪಾಲು. ಆರಿದ ಮೇಲೆ ಒಂದು ಹಿಡಿ ಕಾಯಿತುರಿ ಜೊತೆ ನುಣ್ಣಗೆ ಅರೆದು, ಹುಳಿಯಿಲ್ಲದ ಮಜ್ಜಿಗೆಗೆ ಕದಡಿ, ಉಪ್ಪು ಹಾಕಿ, ತುಪ್ಪದಲ್ಲಿ ಸಾಸಿವೆ, ಒಣಮೆಣಸಿನ ಒಗ್ಗರಣೆ ಕೊಡೋದು. ಕುದಿಸೋ ಹಾಗಿಲ್ಲ. ಮಜ್ಜಿಗೆ ಸ್ವಲ್ಪ ಹುಳಿಯಾಗಿದ್ದರೂ ಎಲೆಯ ರುಚಿ ಮೇಲೆ ಬರೋಕೆ ಬಿಡೋದಿಲ್ಲ, ಅದಕ್ಕೇ ಅಮ್ಮ ಬೆಳಗ್ಗೆ ಕಡೆದ ಮಜ್ಜಿಗೆಯನ್ನು ಇದಕ್ಕೆ ಅಂತಲೇ ಎತ್ತಿಡುತ್ತಿದ್ದಳು. ಬಿಸಿ ಅನ್ನಕ್ಕೆ ಕಲಸಿ, ಊಟದ ಮೊದಲ ತುತ್ತಿಗೇ ತಿನ್ನಬೇಕು.

ಬಜ್ಜಿಯ ವಿಷಯ ನಿಮಗೆ ಹೇಳೋದೇ ಬೇಡ. ಎರಡು ಮಾತು ಮಾತ್ರ. ಎಲೆ ತೊಳೆದ ಮೇಲೆ ಒಂದೊಂದನ್ನೂ ಬಟ್ಟೆಯಲ್ಲಿ ಒರೆಸಿ, ರೋಮದ ನಡುವೆ ನೀರು ಕೂತಿರುತ್ತೆ, ಎಣ್ಣೆ ಸಿಡಿಯುತ್ತೆ. ಮತ್ತೆ ಕಡ್ಲೆಹಿಟ್ಟಿಗೆ ಓಮ ಹಾಕಬೇಡಿ. ಎಲೆಯಲ್ಲೇ ಇರೋದನ್ನು ಮತ್ತೆ ಮೇಲಿಂದ ಸುರಿದರೆ ಬಾಯಿ ಮರಗಟ್ಟುತ್ತೆ ಅಷ್ಟೇ.

ಇನ್ನು ಪಿತ್ತದ ಗಂಧೆ. ಮೈಮೇಲೆ ದದ್ದು ಎದ್ದರೆ ಎಲೆ ಉಜ್ಜಿ, ಕಂಬಳಿ ಹೊದಿಸಿ ಮಲಗಿಸೋದು ಎಲ್ಲ ಮನೆಯಲ್ಲೂ ಇದ್ದದ್ದೇ. ಉಪ್ಪಿನ ಹರಳಿನ ಜೊತೆ ಎರಡು ಎಲೆ ಅಗಿಯೋಕೂ ಕೊಡುತ್ತಾರೆ. ಸಣ್ಣಪುಟ್ಟ ತುರಿಕೆಗೆ ಆಯಿತು, ಆದರೆ ತುಟಿ, ನಾಲಿಗೆ ಊದಿಕೊಂಡರೆ, ಉಸಿರು ಕಟ್ಟಿದರೆ ಎಲೆ ಹುಡುಕುತ್ತಾ ನಿಲ್ಲಬೇಡಿ, ಆಟೋ ಹತ್ತಿ ಆಸ್ಪತ್ರೆಗೆ ಹೋಗಿ. ಕೂಸಿನ ವಿಷಯದಲ್ಲೂ ಅಷ್ಟೇ. ರಸಕ್ಕೆ ಜೇನು ಬೆರೆಸಿ ನೆಕ್ಕಿಸೋ ಪದ್ಧತಿ ಇದೆಯಲ್ಲ, ವರ್ಷ ತುಂಬದ ಮಗುವಿಗೆ ಜೇನು ಕೂಡದು ಅಂತ ಡಾಕ್ಟರು ಖಡಾಖಂಡಿತವಾಗಿ ಹೇಳುತ್ತಾರೆ, ಅದರಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾ ಎಳೆ ಕರುಳಿಗೆ ಅಪಾಯ. ಹಿರಿಯರ ಮೇಲೆ ಗೌರವ ಇದ್ದುಕೊಂಡೇ ಇದನ್ನು ಬಿಡಬಹುದು. ನಿಮ್ಮ ಮನೆ ಬೆಕ್ಕಿಗೂ ಎಟುಕದ ಹಾಗೆ ಇಡಿ. ನಮಗೆ ಒಗ್ಗಿದ ಈ ಎಣ್ಣೆ ಬೆಕ್ಕು ನಾಯಿಗಳಿಗೆ ಆಗಿಬರೋದಿಲ್ಲ, ಮೆದ್ದರೆ ವಾಂತಿ ಭೇದಿ ಶುರುವಾಗುತ್ತೆ.

ಸಾಕೋದು ಸುಲಭ, ಆದರೆ ಅತಿ ಪ್ರೀತಿ ಮಾಡಬಾರದು. ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು, ಮಣ್ಣು ಒಣಗಿದ ಮೇಲೆ ನೀರು. ಎಲೆ ಸಂದಿಯಲ್ಲಿ ಬಿಳಿ ಹತ್ತಿಯಂಥದ್ದು ಕಂಡರೆ ಅದು ಹಿಟ್ಟು ತಿಗಣೆ, ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ತಿನ್ನೋ ಎಲೆಗೆ ಔಷಧಿ ಹೊಡೆಯೋಕೆ ಹೋಗಬೇಡಿ. ಇದರ ನಿಜವಾದ ಶತ್ರು ಅಂದರೆ ಮಳೆಗಾಲ. ಬಂಡೆಸಂದಿಯ ಗಿಡ, ಕಾಲಡಿ ನೀರು ನಿಂತರೆ ಕಾಂಡ ಬುಡದಿಂದಲೇ ಕಪ್ಪಾಗಿ ಮೆತ್ತಗಾಗುತ್ತೆ. ಮಲೆನಾಡಿನಲ್ಲಿ ಆಷಾಢದ ಹೊತ್ತಿಗೆ ಕುಂಡಗಳನ್ನೆಲ್ಲ ಸೂರಿನಡಿಗೆ ಎಳೆದಿಡೋದು ಅದಕ್ಕೇ. ಎಳೆದಿಟ್ಟರೂ ಕೆಲವು ವರ್ಷ ಉಳಿಯೋದಿಲ್ಲ. ಆಗ ಹೋದ ವರ್ಷ ಯಾರಿಗೆ ಕೊಟ್ಟಿದ್ದೆವೋ ಅವರ ಮನೆಗೇ ಹೋಗಿ ‘ಒಂದು ಕಡ್ಡಿ ಮುರಿದುಕೊಡಿ’ ಅಂತ ಕೇಳೋದು. ಅವರದ್ದು ಹೋಗಿದ್ದ ವರ್ಷ ನಮ್ಮದು ಇತ್ತು, ನಮ್ಮದು ಹೋದ ವರ್ಷ ಅವರದ್ದು ಇರುತ್ತೆ. ಈ ಬೀದಿಯಲ್ಲಿ ಹತ್ತು ಕುಂಡ ಇದ್ದರೂ ಅದು ಒಂದೇ ಗಿಡ ಕಣ್ರೀ. ಬೀಜದಿಂದ ಹುಟ್ಟಿದ್ದಲ್ಲವಲ್ಲ, ಒಂದೇ ತಾಯಿಗಿಡದ ತುಂಡುಗಳು ಹತ್ತು ಅಂಗಳದಲ್ಲಿ ನಿಂತಿವೆ.

ಈ ಸಲ ನಿಮ್ಮ ಕಡೆ ಎರಡು ಕುಂಡದಲ್ಲಿ ಇಡಿ, ಒಂದು ಬಾಗಿಲ ಹತ್ತಿರ, ಒಂದು ಹಿಂದುಗಡೆ. ಅಂದಹಾಗೆ, ಆ ಹಸಿರು ಕುಂಡದ ತಳದಲ್ಲಿ ತೂತು ಇದೆ ತಾನೇ? ಒಂದ್ಸಲ ಎತ್ತಿ ನೋಡಿಬಿಡಿ.